ಅಂಗಳದ ಹಗೇವು

೧೨ ಜನವರಿ ೨೦೨೪, ಶುಕ್ರವಾರ

ಈ ಡೈರಿ ಬ್ಯಾಂಕಿನವರು ಕೊಟ್ಟದ್ದು. ಹೊರದೇಶದಿಂದ ಹಣ ಬರುವ ಖಾತೆಯವರಿಗೆ ಈ ವರ್ಷ ಕ್ಯಾಲೆಂಡರಿನ ಜೊತೆ ಇದನ್ನೂ ಕೊಟ್ಟಿದ್ದಾರೆ. ಮಗಳು ಮಲ್ಲಿಕಾಳಿಗೆ ಕೊಡಹೋದೆ. ಹತ್ತನೇ ಇಯತ್ತೆಯ ಪರೀಕ್ಷೆಗೆ ಬರೆದು ಬರೆದು ಬೆರಳು ನೋಯುತ್ತಿವೆ, ನೀನೇ ಬರಕೋ ಎಂದಳು. ಕಥೆ ಹೇಳುವುದೆಂದರೆ ನನಗೆ ಊಟಕ್ಕಿಂತ ಹೆಚ್ಚು. ಅದು ತಾಜಸುಲ್ತಾನಪುರದ ನನ್ನ ಅಜ್ಜಿಯಿಂದ ಬಂದ ಚಟ. ಆದರೆ ಈ ಮನೆಯಲ್ಲಿ ಕೇಳುವವರು ಯಾರು? ಮಗಳಿಗೆ ಓದು, ಅತ್ತೆಗೆ ಕಿವಿ ಮಂದ, ಗಂಡ ಮಸ್ಕತ್ತಿನಲ್ಲಿ. ಹಾಗಾಗಿ ಡೈರಿಗೆ ಹೇಳುತ್ತೇನೆ.

ನಿನ್ನೆ ಎಳ್ಳಮಾವಾಸ್ಯೆ. ಹೊಲದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿದೆವು. ಇವರು ಫೋನಿನಲ್ಲೇ ಎಲ್ಲ ನೋಡಿದರು. ಕಾಳು ಸೊಪ್ಪು ಕುದಿಸಿದ ಭಜ್ಜಿ ತೋರಿಸು ಅಂದರು, ತೋರಿಸಿದೆ. ಸಜ್ಜೆ ರೊಟ್ಟಿ ತೋರಿಸು ಅಂದರು, ತೋರಿಸಿದೆ. ಕಂಪನಿ ಕೋಣೆಯ ಮೇಲಿನ ಮಂಚದಲ್ಲಿ ಕೂತು ಒಣ ಕುಬ್ಬೂಸ್ ರೊಟ್ಟಿ ಮುರಿಯುತ್ತ, ಫೋನಿನೊಳಗಿನ ಭಜ್ಜಿಗೆ ಅದ್ದಿಕೊಂಡ ಹಾಗೆ ಮಾಡಿ ನಕ್ಕರು. ಆಮೇಲೆ ಯಾವಾಗಲೂ ಹೇಳುವ ಮಾತು ಹೇಳಿದರು.

"ಇನ್ನೈದು ವರ್ಷ ಚಂದಮ್ಮಾ. ಆಮ್ಯಾಲ ಬಂದೇಬಿಡ್ತೀನಿ."

ಹನ್ನೊಂದು ವರ್ಷದಿಂದ ಆ ಐದು ವರ್ಷ ಐದೇ ಆಗಿ ಉಳಿದಿದೆ. ಅಜ್ಜಿಯ ಕಥೆಗಳಲ್ಲಿ ಏಳು ಸಮುದ್ರ ದಾಟಿ ಹೋದವನು ಕೊನೆಗೆ ಬರುತ್ತಿದ್ದ, ಬಂದು ಉಳಿಯುತ್ತಿದ್ದ. ಎರಡು ವರ್ಷಕ್ಕೊಮ್ಮೆ ನಲವತ್ತು ದಿನದ ರಜೆಗೆ ಬರುವವನ ಕಥೆ ಅವಳಿಗೆ ಗೊತ್ತಿರಲಿಲ್ಲ.

ಈ ಸಲ ಇವರು ಮಹಡಿ ಕಟ್ಟಿಸಲು ಹೇಳಿದ್ದಾರೆ. ಅಂಗಳದಲ್ಲಿ ನಾಲ್ಕು ಕಂಬ ಎಬ್ಬಿಸಿ ಮೇಲೊಂದು ಮನೆ. ನಮ್ಮ ಕಮಲಾಪುರದ ಈ ಓಣಿಯಲ್ಲಿ ಮಸ್ಕತ್ ಮನೆ, ಜಿದ್ದಾ ಮನೆ, ದುಬೈ ಮನೆ ಎಂದೇ ಗುರುತು. ಹಣ ಬಂದಂತೆ ಎಲ್ಲರೂ ಮೇಲೆ ಏರಿಸುತ್ತಾರೆ. ಮೇಲೆ ಯಾರೂ ಇರುವುದಿಲ್ಲ, ಒಣ ಕಟ್ಟಿಗೆ ಇಡುತ್ತಾರೆ. ಅದರ ಮೇಲೂ ಮುಂದಿನ ಮಹಡಿಗೆಂದು ಕಬ್ಬಿಣದ ಸಳಿ ಬಿಟ್ಟಿರುತ್ತಾರೆ.

ನನಗೆ ಮೇಲೊಂದು ಮನೆ ಬೇಡ. ಕೆಳಗಿನ ಮನೆಯಲ್ಲಿ ಇವರು ಬೇಕು. ಆದರೆ ರೊಕ್ಕ ಅವರದು. ಹಣ ಬಂದಾಗ ಬ್ಯಾಂಕಿನ ಚೀಟಿಯಲ್ಲಿ ಕಾರಣ ಎಂಬಲ್ಲಿ ‘ಕುಟುಂಬ ನಿರ್ವಹಣೆ’ ಎಂದಿರುತ್ತದೆ. ನಾನು, ಅತ್ತೆ, ಮಲ್ಲಿಕಾ ಮೂವರೂ ಆ ಎರಡು ಶಬ್ದಗಳೊಳಗೆ ಇದ್ದೇವೆ. ನಿರ್ವಹಣೆ ಆಗುವವರು ಬಾಯಿ ಹಾಕಬಾರದು.

ನಾಳೆ ಹಾಲಿನ ಹೊಸ ಕ್ಯಾನು ಕೊಳ್ಳಬೇಕು. ಇವರನ್ನು ಕೇಳಿ ಕೊಳ್ಳುತ್ತೇನೆ.

೧೭ ಜನವರಿ, ಬುಧವಾರ

ಗೌಂಡಿ ಕರೀಂಸಾಬ್ ಇವತ್ತು ಕಂಬದ ಗುಂಡಿ ಅಗೆಯಲು ಹಚ್ಚಿದ. ಮೂರು ಸುಲಭವಾಗಿ ಆದವು. ನಾಲ್ಕನೆಯದಕ್ಕೆ ಹಾರೆ ಹಾಕಿದ ಕೂಡಲೇ ಟಣ್ ಎಂದು ಕಲ್ಲು ತಾಗಿತು. ಮಣ್ಣು ಸರಿಸಿದರೆ ದುಂಡನೆಯ ಚಪ್ಪಡಿ. ಅದನ್ನು ಮೀಟಿದಾಗ ಹಳೆಯ ಗಾಳಿಯೊಂದು ಬುಸ್ಸೆಂದು ಹೊರಬಂತು. ಕರೀಂಸಾಬ್ ಹಿಂದಕ್ಕೆ ಹಾರಿ, ನೋಡಿ, ಹಣೆ ಒರೆಸಿಕೊಂಡ.

"ಹಗೇವು ಅದ ನೋಡ್ರಿ ಅಕ್ಕೋರೆ. ಇದರ ಬಾಯಾಗ ಕಂಬ ನಿಲ್ಲೂದಿಲ್ಲ. ಕಲ್ಲು ತುಂಬಿ ಮುಚ್ಚಬೇಕು."

ಹಗೇವು ಎಂದರೆ ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಇಪ್ಪತ್ತು ವರ್ಷ ಅದರ ಮೇಲೆಯೇ ರಂಗೋಲಿ ಹಾಕಿದ್ದೇನೆ. ಅತ್ತೆಯನ್ನು ಕೇಳಿದೆ. ಇತ್ತು ಅಂತ ನೆನಪು, ನಿನ್ನ ಗಂಡ ಹುಟ್ಟಿದ ವರ್ಷ ಕಡೇ ಸಲ ಜೋಳ ತೆಗೆದಿದ್ದೆವು ಎಂದು, ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಹೇಳುವ ಹಾಗೆ ಹೇಳಿದರು.

೧೮ ಜನವರಿ, ಗುರುವಾರ

ಹಗೇವು ಸಿಕ್ಕಿತೆಂದು ಕೇಳಿ ಬಾಳೆತೋಟದ ಮಾಪಣ್ಣ ಬಂದ. ಎಪ್ಪತ್ತು ದಾಟಿದ್ದಾನೆ, ಕೆಂಪು ಬಾಳೆ ಬಿಟ್ಟು ಬೇರೆ ಬೆಳೆ ಬೆಳೆದವನಲ್ಲ. ಕರೀಂಸಾಬ್ ಇಳಿಯಲು ಹೊರಟಿದ್ದ, ಮಾಪಣ್ಣ ತಡೆದ. ಹಣತೆಯೊಂದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಎರಡಾಳು ಆಳಕ್ಕೆ ಹೋದ ದೀಪ ನಾಲಗೆ ಚಾಚಿ, ಮುದುಡಿ, ಆರಿತು.

"ದೀಪ ಆರಿತಂದ್ರ ಮನಷ್ಯಾನೂ ಆರ್ತಾನ. ಇವತ್ತ ಯಾರೂ ಇಳಿಯೂದಿಲ್ಲ. ಉಸಿರಾಡ್ಲಿ ಅದು."

ಕಾಯುತ್ತ ಕೂತಾಗ ಅವನು ಹೇಳಿದ್ದನ್ನು ನಾನು ಬಾಯಿ ತೆರೆದು ಕೇಳಿದೆ. ಅವನ ಅಪ್ಪನ ಕಾಲದಲ್ಲಿ ಜೋಳ ಖಾಲಿಯಾದ ಹಗೇವಿನಲ್ಲಿ ಬಾಳೆಗೊನೆ ಇಟ್ಟು, ಸಗಣಿ ಕುಳ್ಳಿನ ಹೊಗೆ ಹಾಕಿ, ಮಣ್ಣು ಮೆತ್ತಿ ಹಣ್ಣು ಮಾಡುತ್ತಿದ್ದರಂತೆ. ಹಾಗೆ ಮಾಗಿದ ಹಣ್ಣಿನ ವಾಸನೆ ಆಚೆ ಓಣಿಗೆ ಹೋಗುತ್ತಿತ್ತಂತೆ. ಈಗ ಹದಿನೆಂಟು ತಿಂಗಳು ಸಾಕಿದ ಗೊನೆಯನ್ನು ಕಾಯಿ ಇರುವಾಗಲೇ ಲಾರಿಯವನು ಒಯ್ಯುತ್ತಾನೆ. ಎಲ್ಲೋ ಕಾರ್ಬೈಡ್ ಪುಡಿ ಹಾಕಿ ಮಾಗಿಸಿ ಕಲಬುರಗಿಗೆ ತಂದು ಎರಡು ಪಟ್ಟು ಬೆಲೆಗೆ ಮಾರುತ್ತಾರೆ. ಕಮಲಾಪುರದ ಹಣ್ಣನ್ನು ಕಮಲಾಪುರದವರೇ ಕಲಬುರಗಿಯಲ್ಲಿ ಕೊಂಡು ತಿನ್ನುತ್ತೇವೆ.

ಇವರಿಗೆ ಫೋನ್ ಮಾಡಿದೆ. ತುಂಬಿ ಮುಚ್ಚಿಸು, ಕಂಬ ನಿಲ್ಲಿಸು, ರಜೆಗೆ ಬರುವಾಗ ಮಹಡಿ ಮುಗಿದಿರಬೇಕು ಎಂದರು. ಹೂಂ ಅಂದೆ.

೧೯ ಜನವರಿ, ಶುಕ್ರವಾರ

ದೀಪ ಆರಲಿಲ್ಲ. ಮುಚ್ಚಿಸಲಿಲ್ಲ.

೨೯ ಜನವರಿ, ಸೋಮವಾರ

ಎದುರುಮನೆಯ ಮುಬಶ್ಶಿರಾಳ ಬಗ್ಗೆ ಇನ್ನೂ ಬರೆದೇ ಇಲ್ಲ. ಅವಳ ಗಂಡ ಮಕ್ಬೂಲ್, ನನ್ನ ಗಂಡ ಇಬ್ಬರೂ ಒಂದೇ ಕಂಪನಿ, ಒಂದೇ ಕೋಣೆ. ಇವರದು ಮೇಲಿನ ಮಂಚ, ಅವನದು ಕೆಳಗಿನದು. ಮುಬಶ್ಶಿರಾಳ ತವರು ಕಲಬುರಗಿ ಕೋಟೆಯ ಹತ್ತಿರ. ಅವಳ ಮಾತಿಗೆ ಪೇಟೆಯ ಹರಿತ ಇದೆ.

ಹಗೇವಿನೊಳಗೆ ಇಣುಕಿ ನೋಡಿ, ಮಾಪಣ್ಣನ ಕಥೆ ಕೇಳಿ, ಅವಳು ನೇರ ಲೆಕ್ಕಕ್ಕೆ ಬಂದಳು. ಮಾರ್ಚಿನಲ್ಲಿ ರಂಜಾನ್. ಉಪವಾಸದ ರೋಜಾ ಬಿಡುವ ಹೊತ್ತಿಗೆ ಖರ್ಜೂರದ ಮೇಲೆ ಹಣ್ಣು ಬೇಕೇಬೇಕು. ಕೋಟೆ ಕಡೆ ಪುಡಿ ಹಾಕದ ಹಣ್ಣೆಂದರೆ ಜನ ಮುಗಿಬೀಳುತ್ತಾರೆ. ಮಾಗಿಸುವುದು ನೀನು, ಮಾರುವುದು ನಾನು ಎಂದಳು. ಇವರನ್ನು ಕೇಳಬೇಕಲ್ಲ ಎಂದೆ.

"ಕೇಳಿದ್ರ ಬ್ಯಾಡ ಅಂತಾರ. ಕೇಳದಿದ್ರ ಏನಂತಾರ ಅನ್ನೂದು ಇನ್ನಾ ಯಾರಿಗೂ ಗೊತ್ತಿಲ್ಲ ಚಂದಮ್ಮಕ್ಕಾ."

ಮಾಪಣ್ಣ ಆರು ಗೊನೆ ಕೊಡಲು ಒಪ್ಪಿದ. ಕರೀಂಸಾಬನಿಗೆ ಕಂಬ ಬಿಟ್ಟು ಹಗೇವಿನ ಬಾಯಿಗೆ ಕಟ್ಟೆ ಕಟ್ಟಲು ಹೇಳಿದೆ. ಅವನು ತಲೆ ಕೆರೆದುಕೊಂಡ. ಅಣ್ಣಾರು ಬೈದರೆ ನನ್ನ ಹೆಸರು ಹೇಳಬೇಡಿರೀ ಎಂದು ಕಟ್ಟೆ ಕಟ್ಟಿದ.

ಆದರೆ ಇವರು ದಿನಾ ಮಹಡಿಯ ಫೋಟೋ ಕೇಳುತ್ತಿದ್ದರು. ಇವತ್ತು ತಪ್ಪು ಮಾಡಿದೆ. ಮುಬಶ್ಶಿರಾಳ ಮನೆಯ ಮೇಲೂ ಮಹಡಿ ಏಳುತ್ತಿದೆಯಲ್ಲ, ಅದನ್ನೇ ಓರೆಯಿಂದ ಹಿಡಿದು ಕಳಿಸಿದೆ. ಬಹಳ ಚಂದ ಬಂದಿದೆ ಎಂದು ಖುಷಿಪಟ್ಟರು. ಅತ್ತೆಯ ಕೈಗೂ ಫೋನ್ ಕೊಡಿಸಿದರು. ಅತ್ತೆ ಮೊದಲೇ ಹೇಳಿದ್ದರು, ನಾನು ಸುಳ್ಳು ಹೇಳುವವಳಲ್ಲ ಎಂದು. ಮ್ಯಾಲಿನ ಮನಿ ಹ್ಯಾಂಗ ಕಾಣ್ತದ ಯವ್ವಾ ಎಂದು ಇವರು ಕೇಳಿದರೆ, ಅತ್ತೆ ಅಂದರು:

"ನಾ ಇನ್ನಾ ಕೆಳಗ ಇಳಿದು ನೋಡಿಲ್ಲಪಾ."

ಕಿವಿ ಮಂದ ಎಂದು ಇವರು ಬಿಟ್ಟುಬಿಟ್ಟರು.

೯ ಫೆಬ್ರುವರಿ, ಶುಕ್ರವಾರ

ಆರು ಗೊನೆ ಇಳಿಸಿದೆವು. ಕೆಳಗೆ ಒಣ ಬಾಳೆಲೆ ಹಾಸಿ, ಗೊನೆ ಜೋಡಿಸಿ, ಗಡಿಗೆಯಲ್ಲಿ ಕುಳ್ಳಿನ ಕೆಂಡವಿಟ್ಟು, ಚಪ್ಪಡಿ ಮುಚ್ಚಿ, ಅಂಚಿಗೆ ಮಣ್ಣು ಮೆತ್ತಿದೆವು. ಅತ್ತೆ ಬಂದು ಚಪ್ಪಡಿಗೆ ಅರಿಶಿನ ಹಚ್ಚಿದರು. ಮೂರು ದಿನ ಮುಟ್ಟಬೇಡ ಎಂದಿದ್ದಾನೆ ಮಾಪಣ್ಣ.

೧೦ ಫೆಬ್ರುವರಿ

ಒಂದೇ ಒಂದು ಸಲ ತೆಗೆದು ನೋಡಿದೆ. ಕೆಂಪಗೇ ಇವೆ.

೧೧ ಫೆಬ್ರುವರಿ

ಬೆಳಿಗ್ಗೆ ನೋಡಿದೆ, ಸಂಜೆ ನೋಡಿದೆ. ಕೆಂಪಗೇ ಇವೆ.

೧೩ ಫೆಬ್ರುವರಿ, ಮಂಗಳವಾರ

ಹಾಳಾಯಿತು. ಅರ್ಧ ಕಲ್ಲು, ಅರ್ಧ ಕೊಳೆ. ಕೆಂಪು ಬಾಳೆ ಕಾಯಿ ಇದ್ದಾಗಲೂ ಕೆಂಪು, ಹಣ್ಣಾದಾಗಲೂ ಕೆಂಪು. ಅದು ಗೊತ್ತಿದ್ದೂ ಬಣ್ಣ ನೋಡಲು ದಿನಾ ಮುಚ್ಚಳ ತೆಗೆದೆ. ತೆಗೆದಾಗಲೆಲ್ಲ ಹೊಗೆ ಹೋಯಿತು. ಹನ್ನೊಂದು ವರ್ಷದಿಂದ ದಿನಾ ಫೋನಿನಲ್ಲಿ ಇವರ ಮುಖ ನೋಡಿ ಇನ್ನೂ ಎಷ್ಟು ದಿನ ಎಂದು ಕೇಳಿದ ಅಭ್ಯಾಸ. ಇಲ್ಲಿಯೂ ಅದನ್ನೇ ಮಾಡಿದೆ.

ಮಾಪಣ್ಣ ಬೈಯಲಿಲ್ಲ. ಹದಿನೆಂಟು ತಿಂಗಳು ನಾ ಕಾದೀನಿ, ನಿನಗ ಮೂರು ದಿನ ಆಗಲಿಲ್ಲೇನವ್ವಾ ಎಂದಷ್ಟೇ ಅಂದ. ಬೈದಿದ್ದರೆ ಚೆನ್ನಾಗಿತ್ತು.

ಕೊಳೆತದ್ದನ್ನೆಲ್ಲ ಮುಬಶ್ಶಿರಾಳ ಆಡು ತಿಂದಿತು. ಒಂದು ಕಿವಿ ಬಿಳಿ, ಒಂದು ಕಿವಿ ಕಪ್ಪು ಇರುವ ಆಡು. ಅದೊಂದೇ ಖುಷಿಯಾಗಿತ್ತು.

೧೪ ಫೆಬ್ರುವರಿ

ಏನೂ ಬರೆಯಲು ಮನಸ್ಸಿಲ್ಲ.

೨೫ ಫೆಬ್ರುವರಿ, ಭಾನುವಾರ

ಕೊಳೆತ ಗೊನೆಗಳ ಬೆಲೆ ಕೊಡಲೆಂದು ಮಾಪಣ್ಣನ ತೋಟಕ್ಕೆ ಹೋದೆ. ಬೆಳ್ಳಿಯ ಕಾಲುಂಗುರ ಒಯ್ದಿದ್ದೆ. ನೋಡಿ ನಕ್ಕ. ಅದು ನಿನ್ನ ಕಾಲಾಗ ಛಲೋ ಕಾಣ್ತದ, ಇಟ್ಕೋ, ಇನ್ನೊಮ್ಮಿ ಮಾಡು ಎಂದ. ಆಮೇಲೆ ಕೂರಿಸಿಕೊಂಡು ಕಲಿಸಿದ. ಕೆಂಪು ಬಾಳೆಯನ್ನು ಕಣ್ಣಿನಿಂದ ನೋಡಬಾರದು, ಮೂಗಿನಿಂದ ನೋಡಬೇಕು. ಮುಚ್ಚಿದ ಚಪ್ಪಡಿಯ ಅಂಚಿನಲ್ಲಿ ಮೂಗಿಟ್ಟರೆ ಮೊದಲ ದಿನ ಹೊಗೆ, ಎರಡನೇ ದಿನ ಹಸಿ ಎಲೆ, ಮೂರನೇ ದಿನ ಬೆಲ್ಲ. ಬೆಲ್ಲದ ವಾಸನೆ ಬಂದ ಮೇಲೇ ತೆಗೆಯುವುದು. ತೆಗೆದು ಅರ್ಧ ದಿನ ಬಾಯಿ ಬಿಟ್ಟು, ದೀಪ ಇಳಿಸಿ, ದೀಪ ಆರದೆ ನಿಂತರೆ ಮನುಷ್ಯ ಇಳಿಯುವುದು.

ಹನ್ನೆರಡು ಗೊನೆ ಕೊಡುತ್ತೇನೆಂದ. ಹೋದ ಸಲದ ಎರಡು ಪಟ್ಟು. ನನಗಿಂತ ಅವನಿಗೇ ಧೈರ್ಯ ಹೆಚ್ಚು.

೧೧ ಮಾರ್ಚ್, ಸೋಮವಾರ

ಬೆಲ್ಲ!

೧೨ ಮಾರ್ಚ್, ಮಂಗಳವಾರ

ಮೊದಲ ರೋಜಾ. ಕಮಲಾಪುರದಿಂದ ಬೆಳಗಿನ ಬಸ್ಸಿಗೆ ಬುಟ್ಟಿಗಳನ್ನು ಏರಿಸಿದೆವು. ಕಂಡಕ್ಟರ್ ಲಗೇಜಿಗೆ ಜಗಳ ತೆಗೆದ. ಮುಬಶ್ಶಿರಾ ಅವನ ಮೂಗಿಗೊಂದು ಹಣ್ಣು ಹಿಡಿದಳು. ಅವನು ವಾಸನೆ ನೋಡಿ, ಎಲ್ಲಾ ಹಿಂದಿನ ಸೀಟಿಗಿಡಿ ಎಂದ. ಹುಮನಾಬಾದ್ ರಸ್ತೆಯುದ್ದಕ್ಕೂ ಬಸ್ಸಿನ ಜನ ತಿರುಗಿ ತಿರುಗಿ ನೋಡಿದರು.

ಕಲಬುರಗಿಗೆ ನಾನು ಇಷ್ಟು ದಿನ ಹೋದದ್ದೆಲ್ಲ ಮೈದುನನ ಜೊತೆಗೆ, ಆಸ್ಪತ್ರೆಗೆ ಇಲ್ಲವೇ ಬಟ್ಟೆಗೆ. ಇವತ್ತು ಕೋಟೆಯ ಹತ್ತಿರ ರಸ್ತೆ ಬದಿಗೆ ಗೋಣಿ ಹಾಸಿ ಕೂತೆ. ಮೊದಲ ಒಂದು ತಾಸು ಸೆರಗು ಮುಖಕ್ಕೆ ಎಳೆದುಕೊಂಡಿದ್ದೆ. ಮುಬಶ್ಶಿರಾ ಕೂಗುತ್ತಿದ್ದಳು. ಒಬ್ಬ ಹಿರಿಯ ಸಾಹೇಬರು ಬಂದು ಹಣ್ಣು ಒತ್ತಿ ನೋಡಿ, ಇದಕ್ಕೆ ಪುಡಿ ಹಾಕಿದ್ದೀರಿ ಎಂದರು. ನನಗೆ ಸಿಟ್ಟು ಬಂತು. ಎದ್ದು ನಿಂತೆ.

"ಪುಡಿ ಹಾಕಿದ್ರ ಮೂರು ದಿನ ಚಪ್ಪಡಿಗೆ ಮೂಗು ಹಚ್ಚಿ ಯಾಕ ಕೂಡ್ತಿದ್ದೆ ಸಾಹೇಬ್ರ? ಒಂದು ತಿಂದು ನೋಡ್ರಿ. ಸುಳ್ಳಂದ್ರ ಬುಟ್ಟಿ ನಿಮ್ದ."

ರೋಜಾ ಇರುವವರಿಗೆ ತಿಂದು ನೋಡು ಎಂದಿದ್ದೆ. ಸುತ್ತಲಿದ್ದವರೆಲ್ಲ ನಕ್ಕರು. ಸಾಹೇಬರೂ ನಕ್ಕು, ಒಯ್ದು ಸಂಜೆಗೆ ತಿಂತೀನಿ, ನಾಳಿ ಬಂದು ಹೇಳ್ತೀನಿ ಎಂದು ಎರಡು ಡಜನ್ ಕಟ್ಟಿಸಿಕೊಂಡರು. ಅವರ ಹಿಂದೆ ನಿಂತವರು ಮೂವರು. ಅವರ ಹಿಂದೆ ಹತ್ತು ಮಂದಿ. ಮಧ್ಯಾಹ್ನದ ನಮಾಜು ಮುಗಿಯುವ ಹೊತ್ತಿಗೆ ಬುಟ್ಟಿಗಳಲ್ಲಿ ಎಲೆ ಮಾತ್ರ ಉಳಿದಿತ್ತು. ಮುಬಶ್ಶಿರಾಳ ತವರಿನವರಿಗೆಂದು ತೆಗೆದಿಟ್ಟದ್ದನ್ನೂ ಮಾರಿಬಿಟ್ಟಿದ್ದೆ. ಅದಕ್ಕೆ ಅವಳು ಬಸ್ಸಿನಲ್ಲಿ ಅರ್ಧ ದಾರಿ ಸಿಟ್ಟು ಮಾಡಿಕೊಂಡಿದ್ದಳು.

ಬರುವಾಗ ಮಾಪಣ್ಣನ ತೋಟಕ್ಕೆ ಇಳಿದು, ಲಾರಿಯವನು ಕೊಡುವುದಕ್ಕಿಂತ ಹೆಚ್ಚು ಕೊಟ್ಟೆ. ನೋಟು ಎಣಿಸಲಿಲ್ಲ. ಟವೆಲಿನ ತುದಿಗೆ ಕಟ್ಟಿಕೊಂಡು, ಉಳಿದ ಗೊನೆ ಲಾರಿಗೆ ಹೋಗಾಂಗಿಲ್ಲ ಎಂದ.

೧೩ ಮಾರ್ಚ್, ಬುಧವಾರ

ಸಿಕ್ಕಿಬಿದ್ದೆ. ಇವರು ಕೋಣೆಯಲ್ಲಿ ಎಲ್ಲರಿಗೂ ನನ್ನ ಮಹಡಿಯ ಫೋಟೋ ತೋರಿಸುತ್ತಿದ್ದರಂತೆ. ನಿನ್ನೆ ಮಕ್ಬೂಲ್ ಅದನ್ನು ದೊಡ್ಡದು ಮಾಡಿ ನೋಡಿದನಂತೆ. ಆಮೇಲೆ ಮೆಲ್ಲಗೆ ಅಂದನಂತೆ: "ಭಾಗಪ್ಪಣ್ಣಾ, ಈ ಆಡು ನಂದು."

ಮೂಲೆಯಲ್ಲಿ ಆಡು ನಿಂತದ್ದನ್ನು ನಾನು ನೋಡಿಯೇ ಇರಲಿಲ್ಲ. ಒಂದು ಕಿವಿ ಬಿಳಿ, ಒಂದು ಕಪ್ಪು.

ಎಲ್ಲವನ್ನೂ ಹೇಳಿದೆ. ಹಗೇವು, ಕೊಳೆತ ಗೊನೆ, ಕೋಟೆ, ಸಾಹೇಬರು. ಅವರು ಒಂದೇ ಮಾತು ಅಂದರು, ಎಂಟು ಮಂದಿಯ ಮುಂದೆ ನನ್ನ ಮಾನ ಹೋಯಿತು ಎಂದು. ಫೋನ್ ಇಟ್ಟರು.

ಅತ್ತರೆ ಪ್ರಯೋಜನವಿಲ್ಲ. ನಾಳೆ ಹದಿನೈದು ಗೊನೆ ಇಳಿಸಬೇಕು.

೨೪ ಮಾರ್ಚ್, ಭಾನುವಾರ

ಹನ್ನೊಂದು ದಿನ ಇವರು ಮಾತಾಡಲಿಲ್ಲ. ನಾಳೆ ಜಿದ್ದಾ ಮನೆಯ ಸೊಹೇಲ್ ಮಸ್ಕತ್ತಿಗೆ ಕೆಲಸಕ್ಕೆ ಹೊರಟಿದ್ದಾನೆ. ಅವನ ಕೈಯಲ್ಲಿ ಒಂದು ಚಿಪ್ಪು ಹಣ್ಣು, ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ಚೀಟಿ ಬರೆಯಲಿಲ್ಲ.

೨೭ ಮಾರ್ಚ್, ಬುಧವಾರ

ಫೋನ್ ಬಂತು. ಮೊದಲು ಅತ್ತೆಯ ಆರೋಗ್ಯ ಕೇಳಿದರು. ಆಮೇಲೆ ಇವರು ಅಂದರು:

"ಕೋಣಿ ತುಂಬ ನಮ್ಮೂರ ವಾಸನಿ ಚಂದಮ್ಮಾ. ಎಂಟೂ ಮಂದಿ ತಿಂದ್ವಿ. ಮಕ್ಬೂಲ್ ಸಿಪ್ಪಿ ಒಗಿಯಾಕ ಕೊಡವಲ್ಲ, ದಿಂಬಿನ ಬಾಜೂಕ ಇಟ್ಕೊಂಡು ಮಲಗ್ಯಾನ."

ಮಹಡಿಯ ಮಾತು ಬರಲಿಲ್ಲ. ಕಂಬದ ಮೂರು ಗುಂಡಿ ಏನು ಮಾಡಿದೆ ಎಂದು ಕೇಳಿದರು. ಒಂದಕ್ಕೆ ಕರಿಬೇವು ಹಚ್ಚಿದ್ದೇನೆ, ಎರಡರಲ್ಲಿ ಅತ್ತೆ ಪಪ್ಪಾಯಿ ಹಚ್ಚಿದ್ದಾರೆ ಎಂದೆ. ನಕ್ಕರು. ಬಹಳ ದಿನಗಳ ಮೇಲೆ ಆ ನಗು.

೧೬ ಜೂನ್, ಭಾನುವಾರ

ಡೈರಿ ತೆರೆಯಲು ಕೈಗೆ ಬಿಡುವೇ ಆಗಿರಲಿಲ್ಲ. ಮಲ್ಲಿಕಾ ಪಾಸಾದಳು, ಒಳ್ಳೆಯ ನಂಬರು. ಕಲಬುರಗಿಯ ಕಾಲೇಜಿಗೆ ಹಚ್ಚಿ ಬಂದೆ.

ಮಸ್ಕತ್ತಿನ ಆ ಕೋಣೆಯಿಂದ ಕಮಲಾಪುರಕ್ಕೆ ಫೋನ್ ಬಂದವಂತೆ, ನಮ್ಮ ಅಂಗಳದಲ್ಲೂ ಇದೆಯೇನು ನೋಡಿ ಎಂದು. ಗಂಡಂದಿರು ಹೇಳುವ ಮೊದಲೇ ಹೆಂಡತಿಯರು ಹಾರೆ ಹಿಡಿದಿದ್ದರು. ಓಣಿಯಲ್ಲಿ ಒಂಬತ್ತು ಹಗೇವು ಸಿಕ್ಕಿವೆ. ಒಂದು ಬಚ್ಚಲ ಕೆಳಗಿತ್ತು, ಒಂದು ದುಬೈ ಮನೆಯ ಕಾರು ನಿಲ್ಲಿಸುವ ಜಾಗದಲ್ಲಿ. ಮೇಲೆ ಹೋಗುತ್ತಿದ್ದ ಸಿಮೆಂಟೆಲ್ಲ ಈಗ ಕೆಳಗೆ ಇಳಿಯುತ್ತಿದೆ. ಕರೀಂಸಾಬನಿಗೆ ಪುರುಸೊತ್ತಿಲ್ಲ. ಮಹಡಿ ಕಟ್ಟಿದರೆ ಕಟ್ಟಿಸಿದವರ ಹೆಸರು ಬರುತ್ತಿತ್ತು, ಹಗೇವು ಕಟ್ಟಿದರೆ ನನ್ನ ಹೆಸರು ಬರಾಕತ್ತದ ಎನ್ನುತ್ತಾನೆ.

ಹೊಸಬರು ಮುಚ್ಚಳ ತೆಗೆದು ನೋಡದ ಹಾಗೆ ಮೊದಲ ಮೂರು ದಿನ ನಾನೇ ಹೋಗಿ ಅವರ ಅಂಗಳದಲ್ಲಿ ಕೂರುತ್ತೇನೆ. ಕಥೆ ಹೇಳುತ್ತೇನೆ. ಕೇಳಲು ಎಂಟು ಹತ್ತು ಜನ ಹೆಂಗಸರು ಇರುತ್ತಾರೆ.

ಲಾರಿಯವನು ಮೊನ್ನೆ ಮಾಪಣ್ಣನ ತೋಟದಿಂದ ಖಾಲಿ ಹೋದ. ಮುಂದಿನ ತೋಟದಿಂದಲೂ. ಐದನೇ ತೋಟದಿಂದ ನಮ್ಮ ಮನೆಗೆ ಬಂದು, ಇನ್ನು ಕಾಯಿ ಬೇಡ, ನಿಮ್ಮ ಮಾಗಿದ ಹಣ್ಣನ್ನೇ ಹೈದರಾಬಾದಿಗೆ ಕೊಡಿ ಎಂದ. ಕಟ್ಟೆಯ ಮೇಲೆ ಕೂತು ಬೆಲೆ ಮಾತಾಡಿದೆ. ಅತ್ತೆ ಅವನಿಗೆ ಚಹಾ ಕೊಟ್ಟರು, ಸಕ್ಕರೆ ಕಮ್ಮಿ ಹಾಕಿ.

೩೧ ಆಗಸ್ಟ್, ಶನಿವಾರ

ಇವತ್ತು ಬ್ಯಾಂಕಿಗೆ ಹೋದಾಗ ಪಾಸ್‌ಬುಕ್ ಅಚ್ಚು ಹಾಕಿಸಿದೆ. ಮಸ್ಕತ್ತಿನಿಂದ ಜೂನ್ ಹಣ ಬಂದಿಲ್ಲ, ಜುಲೈಯದೂ ಇಲ್ಲ, ಈ ತಿಂಗಳದೂ ಇಲ್ಲ. ನನಗೆ ಗೊತ್ತೇ ಆಗಿರಲಿಲ್ಲ. ಮನೆ ನಡೆದಿತ್ತು, ಮಲ್ಲಿಕಾಳ ಫೀ ಹೋಗಿತ್ತು.

ಮುಬಶ್ಶಿರಾಳನ್ನು ಕೇಳಿದೆ. ಕಂಪನಿ ಸಂಬಳ ನಿಲ್ಲಿಸಿದೆಯಂತೆ. ಇವರು ಹೇಳಬೇಡ ಎಂದು ಮಕ್ಬೂಲನಿಗೆ ಆಣೆ ಹಾಕಿಸಿದ್ದರಂತೆ.

೧೮ ನವೆಂಬರ್, ಸೋಮವಾರ

ಕಂಪನಿ ಬಾಗಿಲು ಹಾಕಿತು. ಪಾಸ್‌ಪೋರ್ಟ್ ಕೈಗೆ ಕೊಟ್ಟಿದ್ದಾರೆ, ಬಾಕಿ ಸಂಬಳ ಕೊಟ್ಟಿಲ್ಲ, ಟಿಕೆಟ್ಟೂ ಕೊಟ್ಟಿಲ್ಲ. ಬೇರೆ ಕೆಲಸ ಹುಡುಕುತ್ತೇನೆ ಎನ್ನುತ್ತಾರೆ ಇವರು. ಬನ್ನಿ ಎಂದೆ. ಹೇಗೆ ಬರಲಿ ಎಂದರು.

ಅದು ನನಗೆ ಗೊತ್ತಿರುವ ಸಂಕಟವೇ. ಗಲ್ಫಿನಿಂದ ಬರುವವನು ಓಣಿಗೆಲ್ಲ ಏನಾದರೂ ತರಬೇಕು. ಕಂಬಳಿ, ಅತ್ತರು, ಬ್ಯಾಟರಿ, ಮಕ್ಕಳಿಗೆ ಚಾಕಲೇಟು. ದೊಡ್ಡ ಡಬ್ಬಿಗೆ ಹಗ್ಗ ಸುತ್ತಿ ಮೇಲೆ ಹೆಸರು ಬರೆದಿರಬೇಕು. ಡಬ್ಬಿ ಇಲ್ಲದೆ ಬಂದವನನ್ನು ಜನ ಮುಖ ನೋಡಿ ಮಾತಾಡಿಸಿದರೂ ಕೈ ನೋಡುತ್ತಾರೆ.

"ಬರೀಗೈಲೆ ಹ್ಯಾಂಗ ಬರ್ಲಿ?" ಅಂದರು.

"ಬರೀಗೈಲೇ ಬರ್ರಿ," ಅಂದೆ. "ಇಲ್ಲಿ ಗೊನಿ ಹೊರಾಕ ಕೈ ಬೇಕಾಗ್ಯಾವ."

ಆ ಕಡೆ ಮೂಗೇರಿಸಿದ ಸಪ್ಪಳ. ಟಿಕೆಟಿಗೆ ಯಾರ ಹತ್ತಿರವಾದರೂ ಕೇಳುತ್ತೇನೆ ಎಂದರು. ಯಾರನ್ನೂ ಕೇಳಬೇಡಿ, ಎಳ್ಳಮಾವಾಸ್ಯೆಗೆ ಮುಂಚೆ ಬರುವುದಾದರೆ ಸಾಕು ಎಂದೆ.

೨೫ ನವೆಂಬರ್, ಸೋಮವಾರ

ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯಲ್ಲಿ ಅಜರ್ ಎಂಬವನ ಟಿಕೆಟ್ ಆಫೀಸು ಇದೆ. ಹನ್ನೊಂದು ವರ್ಷದ ಹಿಂದೆ ಇವರು ಹೋಗುವಾಗ ನಾನು ಅಲ್ಲಿಗೆ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಇವತ್ತು ನಾನೂ ಮುಬಶ್ಶಿರಾಳೂ ಒಳಗೆ ಹೋಗಿ ಕುರ್ಚಿಯಲ್ಲಿ ಕೂತೆವು. ಇಬ್ಬರ ಹೆಸರು, ಪಾಸ್‌ಪೋರ್ಟ್ ನಂಬರು ಕೊಟ್ಟೆವು. ಮಸ್ಕತ್ತಿನಿಂದ ಹೈದರಾಬಾದಿಗೆ, ಎರಡು.

ಅಜರ್ ಕಂಪ್ಯೂಟರಿನಿಂದ ಮುಖ ಎತ್ತಿದ.

"ಈ ಕುರ್ಚಿ ಮ್ಯಾಲ ಕುಂತ ಹೆಣ್ಮಕ್ಕಳು ಇಷ್ಟು ವರ್ಷ ಅಳೂದೇ ನೋಡೀನ್ರಿ ಅಕ್ಕಾ. ಗಂಡನ್ನ ತರಿಸಿಕೊಳ್ಳೋರನ್ನ ಇವತ್ತೇ ನೋಡಿದ್ದು. ವಾಪಸ್ ಟಿಕೆಟ್ ಯಾವಾಗಿಂದು ಹಾಕ್ಲಿ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮುಬಶ್ಶಿರಾ ಹೇಳಿದಳು:

"ಇದೇ ವಾಪಸ್ ಟಿಕೆಟ್, ಭಾಯಿ."

ನನ್ನ ಖಾತೆಯಿಂದ ಚೆಕ್ ಬರೆದೆ. ಅಜರ್ ರಸೀದಿ ಪುಸ್ತಕ ತೆಗೆದು ಹೆಸರು ಬರೆದ. ಕಾರಣ ಬರೆಯುವ ಬಾಬತ್ತು ಎಂಬ ಕಡೆ ಪೆನ್ನು ನಿಲ್ಲಿಸಿ, ಏನಂತ ಬರೀಲಿ ಅಕ್ಕಾ ಎಂದ. ನಾನು ಯೋಚಿಸಲೇ ಇಲ್ಲ.

"ಕುಟುಂಬ ನಿರ್ವಹಣೆ ಅಂತ ಬರೀರಿ."

೨೮ ಡಿಸೆಂಬರ್, ಶನಿವಾರ

ಬಂದರು.

ಹೈದರಾಬಾದಿಗೆ ನಾನು ಹೋಗಲಿಲ್ಲ. ಇವತ್ತು ಎರಡು ಹಗೇವು ತೆಗೆಯುವ ದಿನ, ಬೆಲ್ಲದ ವಾಸನೆ ಬಂದಾಗಿತ್ತು. ಮುಬಶ್ಶಿರಾ ಹೋಗಿ ಇಬ್ಬರನ್ನೂ ಕರೆತಂದಳು. ಕಾರು ಕಮಲಾಪುರದ ಕ್ರಾಸಿಗೆ ಬಂದಾಗ ಇವರು ಅವಳನ್ನು ಮಾತಾಡಗೊಡದೆ, ನನ್ನೂರಿನ ದಾರಿ ನಾನೇ ತೋರಿಸುತ್ತೇನೆ ಎಂದರಂತೆ. ರಸ್ತೆ ಬದಲಾಗಿದೆ, ಗೊತ್ತಾಗಲಿಲ್ಲ. ಚಹಾ ಅಂಗಡಿಯಲ್ಲಿ ಇಳಿದು ಮಸ್ಕತ್ ಭಾಗಪ್ಪನ ಮನೆ ಎಲ್ಲಿ ಎಂದು ಕೇಳಿದರಂತೆ. ಅಂಗಡಿಯವನಿಗೆ ತಿಳಿಯಲಿಲ್ಲ. ಓಣಿಯ ಗುರುತು ಹೇಳಿದ ಮೇಲೆ ಅವನು, "ಹಗೇವಿನ ಚಂದಮ್ಮನ ಮನಿ ಏನ್ರಿ? ಮೊದ್ಲೇ ಹೇಳ್ಬಾರ್ದಾ" ಎಂದನಂತೆ. ಇವರು ಇದನ್ನು ಎಲ್ಲರಿಗೂ ಹೇಳಿ ಹೇಳಿ ನಗುತ್ತಿದ್ದಾರೆ. ಆ ಹೆಸರು ಯಾವಾಗ ಬಂತೋ ನನಗೂ ಗೊತ್ತಿಲ್ಲ.

ಡಬ್ಬಿ ಇರಲಿಲ್ಲ. ಒಂದೇ ಒಂದು ಕೈಚೀಲ. ಓಣಿಯ ಜನ ಸೇರಿದ್ದರು. ಯಾರಾದರೂ ಕೈ ನೋಡುತ್ತಾರೇನೋ ಎಂದು ನಾನು ಒಬ್ಬೊಬ್ಬರ ಕಣ್ಣನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಮಾಪಣ್ಣ ಮುಂದೆ ಬಂದು, ತಾನು ಹೊತ್ತಿದ್ದ ಗೊನೆಯನ್ನು ಇವರ ಹೆಗಲಿಗೆ ದಾಟಿಸಿದ.

"ಬಾ ತಮ್ಮಾ. ನನ್ನ ಹೆಗಲು ಭಾಳ ದಿನದಿಂದ ನಿನ್ನ ದಾರಿ ನೋಡಾಕತ್ತಿತ್ತು."

ಅತ್ತೆ ಮಗನ ಗಲ್ಲ ಹಿಡಿದು, ಈಗ ಕೆಳಗ ಇಳಿದು ನೋಡೀನಪಾ, ಛಲೋ ಅದ ಎಂದರು. ಆಗ ಇವರಿಗೆ ಜನವರಿಯ ಆ ಮಾತು ಅರ್ಥವಾಯಿತು. ಮಕ್ಬೂಲ್ ಮನೆಗೆ ಹೋಗುವ ಮೊದಲು ಆಡನ್ನು ಮಾತಾಡಿಸಿದ. ಅದಕ್ಕೆ ಮುಬಶ್ಶಿರಾ ಇನ್ನೂ ಬೈಯುತ್ತಿದ್ದಾಳೆ.

೩೦ ಡಿಸೆಂಬರ್, ಸೋಮವಾರ

ಎಳ್ಳಮಾವಾಸ್ಯೆ. ಹೊಲದಲ್ಲಿ ಇವರೇ ಐದು ಕಲ್ಲಿಟ್ಟರು, ಇವರೇ ಚರಗ ಚೆಲ್ಲಿದರು. ಭಜ್ಜಿಯನ್ನು ಮೂರು ಸಲ ಹಾಕಿಸಿಕೊಂಡರು. ನಡುವೆ ಮಸ್ಕತ್ತಿನಿಂದ ಫೋನ್ ಬಂತು, ಅಲ್ಲೇ ಬೇರೆ ಕೆಲಸ ಹಿಡಿದು ಉಳಿದ ಕೋಣೆಯ ಗೆಳೆಯರದು. ಇವರು ಭಜ್ಜಿ ತೋರಿಸಿದರು, ರೊಟ್ಟಿ ತೋರಿಸಿದರು, ಹೋದ ಸಲ ನಾನು ತೋರಿಸಿದ ಹಾಗೆಯೇ. ಇನ್ನೈದು ವರ್ಷ ಆದ ಮೇಲೆ ನಾವೂ ಬರುತ್ತೇವೆ ಎಂದನಂತೆ ಒಬ್ಬ. ಇವರು ಗದರಿಸಿದರು, ಐದು ವರ್ಷ ಏನಿಲ್ಲ, ಮೊದಲು ನಿಮ್ಮ ಅಂಗಳ ಅಗಿಸಿ ನೋಡಿ ಎಂದು. ಕಲ್ಲು ತುಂಬಿ ಮುಚ್ಚಿಸು ಎಂದವರೇ ಇವರು. ನಾನು ಇನ್ನೊಂದು ರೊಟ್ಟಿ ಮುರಿದೆ.

ಬ್ಯಾಂಕಿನಲ್ಲಿ ಮೊನ್ನೆ ಹೊಸ ಡೈರಿ ಕೇಳಿದೆ. ಹೊರದೇಶದ ಹಣ ಬರುವ ಖಾತೆಗೆ ಮಾತ್ರ, ನಿಮಗೀಗ ಬರುವುದಿಲ್ಲವಲ್ಲ ಎಂದರು. ಎದ್ದು ಬರುತ್ತಿದ್ದೆ. ಮ್ಯಾನೇಜರ್ ಒಳಗಿನಿಂದ ಕರೆದು, ವ್ಯಾಪಾರಿಗಳಿಗೆ ಕೊಡುವ ದೊಡ್ಡ ಡೈರಿ ಕೊಟ್ಟರು. ಕೆಂಪು ರಟ್ಟು. ಪುಟಗಳೂ ಹೆಚ್ಚು.

ಸಂಜೆಗೆ ಹೊಸ ಗೊನೆ ಇಳಿಸಬೇಕು. ಇವರು ಆಗಲೇ ಪಂಚೆ ಮೇಲೆ ಕಟ್ಟಿ ಹಗೇವಿನ ಬಾಯಿಯಲ್ಲಿ ನಿಂತಿದ್ದಾರೆ. ಇಳಿಯಲು ಹೋಗಿದ್ದರಂತೆ, ಅತ್ತೆ ತಡೆದು, ಚಂದಮ್ಮ ದೀಪ ಬಿಡೂತನಕ ಈ ಓಣ್ಯಾಗ ಯಾರೂ ಇಳಿಯೂದಿಲ್ಲ ಎಂದರಂತೆ. ಹಗ್ಗ ಹಿಡಿದು ಎರಡು ಸಲ ಕೂಗಿದರು, ಬರ್ತೀ ಏನು ಎಂದು.

ಹನ್ನೊಂದು ವರ್ಷ ನಾನು ಕಾದಿದ್ದೇನೆ. ಈ ಸಾಲು ಮುಗಿಯುವ ತನಕ ಅವರೂ ಕಾಯಲಿ.